ಔಷಧಿಯ ಗುಣವೋ, ಕಾಕತಾಳೀಯವೋ?

ರಬಕವಿ-ಬನಹಟ್ಟಿಯ ಮಗ್ಗದ ಮನೆಗಳಿಗೆ ಕೆಮ್ಮು ಹೊಸತಲ್ಲ. ಈದ್ ರಜೆಯಲ್ಲಿ ನಾಲ್ಕು ದಿನ ಯಾವುದೋ ಪುಡಿ ತಿಂದವರು, “ಕೆಮ್ಮು ಹೋತ್ರಿ, ಎಲ್ಲಾರಿಗೂ ಇದನ್ನ ಕೊಡ್ರಿ” ಎನ್ನುತ್ತಾರೆ. ಆದರೆ ಆ ನಾಲ್ಕು ದಿನ ಮಗ್ಗವೂ ನಿಂತಿತ್ತು, ನೂಲಿನ ಧೂಳೂ ಇರಲಿಲ್ಲ. ಗುಣವಾದದ್ದು ಪುಡಿಯಿಂದಲೋ, ಧೂಳು ನಿಂತಿದ್ದರಿಂದಲೋ, ಅಥವಾ ಕೆಮ್ಮು ತಾನಾಗಿಯೇ ಹೋಯಿತೋ?

ನಮ್ಮ ಹಕೀಮರು ಈ ಪ್ರಶ್ನೆಯನ್ನು ಸಾವಿರ ವರ್ಷಗಳ ಹಿಂದೆಯೇ ಕೇಳಿದ್ದರು. ಅಬೂಬಕರ್ ಅಲ್-ರಾಝಿಯವರು ಸರ್ಸಾಮ್ ಎಂಬ ಮೆದುಳಿನ ರೋಗದ ಲಕ್ಷಣವಿದ್ದ ಒಂದು ಗುಂಪಿಗೆ ರಕ್ತ ತೆಗೆಯುವ ಚಿಕಿತ್ಸೆ ಕೊಟ್ಟು, ಇನ್ನೊಂದು ಗುಂಪಿಗೆ ಬೇಕೆಂದೇ ಕೊಡದೆ ಹೋಲಿಸಿದರು. ಇಂದು ಆ ರೋಗಕ್ಕೆ ಆಸ್ಪತ್ರೆಯೇ ದಾರಿ. ನಾವು ಕಲಿಯಬೇಕಾದದ್ದು ಹೋಲಿಸುವ ಕ್ರಮವನ್ನು. ಔಷಧಿಯ ಪರಿಣಾಮ ಮತ್ತೆ ಮತ್ತೆ ಕಾಣದಿದ್ದರೆ ಅದು ಆಕಸ್ಮಿಕ ಎಂದು ಇಬ್ನ್ ಸೀನಾ ‘ಅಲ್-ಕಾನೂನ್’ನಲ್ಲಿ ಹೇಳಿದ್ದಾರೆ.

ಇಂದಿನ ಸಂಖ್ಯಾಶಾಸ್ತ್ರ ಇದನ್ನೇ ಲೆಕ್ಕಕ್ಕೆ ತಂದಿದೆ. ಖಾಝಿಯ ಮುಂದೆ ಹಕ್ಕು ಹೇಳುವವನೇ ಪುರಾವೆ ತರಬೇಕು, ಇಲ್ಲಿಯೂ ಹಾಗೆಯೇ. ‘ಈ ಔಷಧಿಯಿಂದ ಏನೂ ಆಗುವುದಿಲ್ಲ’ ಎಂದು ಮೊದಲು ಇಟ್ಟುಕೊಳ್ಳುತ್ತಾರೆ. ಇದಕ್ಕೆ ‘ಶೂನ್ಯ ಕಲ್ಪನೆ’ ಎಂದು ಹೆಸರು. ಅದನ್ನು ಅಲುಗಾಡಿಸುವ ಹೊಣೆ ಔಷಧಿಯದು.

ಔಷಧಿಯಿಲ್ಲದೆಯೂ ವಾರದಲ್ಲಿ ಅರ್ಧದಷ್ಟು ಜನರಿಗೆ ನೆಗಡಿ ವಾಸಿಯಾಗುತ್ತದೆ ಎಂದುಕೊಳ್ಳಿ. ಪುಡಿ ತಿಂದ 10 ಮಂದಿಯಲ್ಲಿ 6 ಮಂದಿಗೆ ವಾಸಿಯಾಯಿತು. ಪುಡಿಯಲ್ಲಿ ಏನೂ ಇಲ್ಲದಿದ್ದರೂ 6 ಅಥವಾ ಹೆಚ್ಚು ಮಂದಿ ವಾಸಿಯಾಗುವ ಸಂಭವ ನೂರಕ್ಕೆ 38. ಹಾಗಾಗಿ ಇದು ಪುರಾವೆಯಲ್ಲ. ಅದೇ 100ರಲ್ಲಿ 60 ಮಂದಿ ವಾಸಿಯಾದರೆ? ಬರೀ ಅದೃಷ್ಟದಿಂದ ಅಷ್ಟಾಗುವ ಸಂಭವ ನೂರಕ್ಕೆ 3ಕ್ಕೂ ಕಡಿಮೆ. ಸಾಮಾನ್ಯವಾಗಿ ಇದು ನೂರಕ್ಕೆ 5ಕ್ಕಿಂತ ಕೆಳಗಿಳಿದರೆ ಶೂನ್ಯ ಕಲ್ಪನೆಯನ್ನು ಕೈಬಿಡುತ್ತಾರೆ. ಈ ಗೆರೆಯನ್ನು ರೂಢಿಗೆ ತಂದದ್ದು ಆರ್.ಎ. ಫಿಷರ್ ಅವರ 1925ರ ಪುಸ್ತಕ. ಅವರ ಶಿಷ್ಯ ಸಿ.ಆರ್. ರಾವ್ 1920ರಲ್ಲಿ ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ. ಅವರು 1948ರಲ್ಲಿ ರೂಪಿಸಿದ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ.

ಎರಡು ಎಚ್ಚರ ಬೇಕು. ಗೆರೆ ದಾಟಿದ ಮಾತ್ರಕ್ಕೆ ಔಷಧಿಯ ಲಾಭ ದೊಡ್ಡದೆಂದಲ್ಲ. ದಾಟದಿದ್ದರೆ ಔಷಧಿ ಸುಳ್ಳೆಂದೂ ಅಲ್ಲ. ಪುರಾವೆ ಸಾಲದು ಎಂದಷ್ಟೇ. ಇದು ಯುನಾನಿ, ಅಲೋಪತಿ ಎರಡಕ್ಕೂ ಒಂದೇ.

ಶಿಫಾ ಕೊಡುವವನು ಅಲ್ಲಾಹನು. ಔಷಧಿಯನ್ನು ವಿವೇಚಿಸಿ ಆರಿಸುವುದು ನಮ್ಮ ಹೊಣೆ. ‘ಸಕ್ಕರೆ ಕಾಯಿಲೆ ಹತ್ತೇ ದಿನದಲ್ಲಿ ಮಾಯ’ ಎಂಬ ಸಂದೇಶ ಮೊಬೈಲಿಗೆ ಬಂದರೆ ಮೂರು ಪ್ರಶ್ನೆ ಕೇಳಿ: ಎಷ್ಟು ಜನರಿಗೆ ಕೊಟ್ಟರು? ವಾಸಿಯಾಗದವರೆಷ್ಟು? ಔಷಧಿ ತಿನ್ನದವರಿಗೆ ಏನಾಯಿತು? ಉತ್ತರ ಸಿಗದಿದ್ದರೆ ಆ ಸಂದೇಶವನ್ನು ಮುಂದೆ ಕಳಿಸಬೇಡಿ. ವೈದ್ಯರನ್ನು ಕೇಳದೆ ಸಕ್ಕರೆ, ಬಿಪಿ ಮಾತ್ರೆಗಳನ್ನಂತೂ ನಿಲ್ಲಿಸಲೇಬೇಡಿ.