ವಿದ್ಯುತ್ ಚಕ್ರಗರಗಸವನ್ನು ಶುಚಿಯಾಗಿಡುವ ಕ್ರಮ

ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ತೆಂಗಡಕೆಯ ತೋಟಗಳಲ್ಲಿಯೂ, ಹಿರಿಯೂರಿನ ವಾಣಿವಿಲಾಸ ಸಾಗರದ ಅಚ್ಚುಕಟ್ಟಿನಲ್ಲಿಯೂ, ಚಿತ್ರದುರ್ಗದ ಬೆದ್ದಲು ಸೀಮೆಯಲ್ಲಿಯೂ ಮರ ಕೊಯ್ಯುವುದಕ್ಕೆ ವಿದ್ಯುತ್ತಿನ ಚಕ್ರಗರಗಸವು ಬಳಕೆಗೆ ಬಂದಿರುವುದು. ಇದರ ಅಲಗು ನಿಮಿಷಕ್ಕೆ ಸುಮಾರು 5000 ಸುತ್ತು ತಿರುಗುವುದು. ಗುಂಡಿ ಬಿಟ್ಟ ಮೇಲೂ ಕೆಲವು ಕ್ಷಣ ನಿಲ್ಲದು.

ಶುಚಿಗೊಳಿಸುವ ಮೊದಲು ಪ್ಲಗ್ಗನ್ನು ಕಿತ್ತು ಕಣ್ಣೆದುರಿಗೆ ಇಟ್ಟುಕೊಳ್ಳತಕ್ಕದ್ದು. ಕೆಲಸದ ನಡುವೆ ಕರೆಂಟು ಹೋದಾಗ, ಅಲಗು ನಿಂತಿತೆಂದು ಹಾಗೆಯೇ ಒರಸಲು ಕುಳಿತುಕೊಳ್ಳುವವರುಂಟು. ಗುಂಡಿಯು ಧೂಳಿನಿಂದ ಸಿಕ್ಕಿಕೊಂಡಿದ್ದರೆ, ಕರೆಂಟು ಮರಳಿದೊಡನೆ ಅಲಗು ತಿರುಗಿ ಬೆರಳು ಹೋಗುವುದು. ಹಳ್ಳಿಗಳಲ್ಲಿ ಕರೆಂಟು ಹೇಳಿ ಬರುವುದಿಲ್ಲವಷ್ಟೆ.

ಪಂಪಿನ ಪೆಟ್ಟಿಗೆಯಿಂದ ಬರಿಯ ತಂತಿ ಸಿಕ್ಕಿಸಿ ಗರಗಸ ನಡೆಸುವುದು ಇನ್ನೂ ಕೆಟ್ಟ ರೂಢಿ. ಅಲ್ಲಿರುವುದು ಮೂರು ಫೇಸಿನ ಸುಮಾರು 400 ವೋಲ್ಟು. ಗರಗಸಕ್ಕೆ ಬೇಕಾದುದು 230. ಗ್ರಾಮದ ಮುಖಂಡರು ಇದನ್ನು ತಡೆಯುವುದು ಯುಕ್ತವು.

ತೆಂಗಿನ ಮರದಲ್ಲಿ ಸಿಲಿಕವಿರುವುದರಿಂದ ಅಲಗಿನ ಹಲ್ಲು ಬೇಗ ಮೊಂಡಾಗುವುದು. ಜಾಲಿ, ಬೇವುಗಳ ಗೋಂದು ಅಂಟಿದ ಅಲಗು ಕಾದು, ಮರದಲ್ಲಿ ಕಚ್ಚಿಕೊಂಡು, ಯಂತ್ರವನ್ನು ಕೊಯ್ಯುವವನ ಕಡೆಗೇ ಎಸೆಯಬಹುದು. ಆದುದರಿಂದ ಅಲಗನ್ನು ಬಿಚ್ಚಿ ಬೆಚ್ಚಗಿನ ಸಾಬೂನು ನೀರಿನಲ್ಲಿ ಕಾಲು ಗಂಟೆ ನೆನೆಸಿ, ಬ್ರಷ್ಷಿನಿಂದ ಉಜ್ಜಿ, ಚೆನ್ನಾಗಿ ಒಣಗಿಸಿ, ತೆಳುವಾಗಿ ಎಣ್ಣೆ ಸವರತಕ್ಕದ್ದು. ಮೋಟಾರಿಗೆ ನೀರು ಸೋಕಕೂಡದು. ಗಾಳಿಕಿಂಡಿಗಳ ಹೊಟ್ಟನ್ನು ಒಣ ಬ್ರಷ್ಷಿನಿಂದ ತೆಗೆದರೆ ಸಾಕು.

ಅಲಗಿನ ಕೆಳಮರೆಯು ಸ್ಪ್ರಿಂಗಿನ ಬಲದಿಂದ ತಾನೇ ಮುಚ್ಚಿಕೊಳ್ಳಬೇಕು. ಅದನ್ನು ಬೆಣೆ ಹೊಡೆದು ಎತ್ತಿ ನಿಲ್ಲಿಸುವ ಬಡಗಿಯನ್ನು ತೋಟಕ್ಕೆ ಸೇರಿಸಬಾರದು. ಹೊರಗವಸು ಸೀಳಿದ ವೈರಿಗೆ ಪಟ್ಟಿ ಸುತ್ತಿ ಕಾಲ ತಳ್ಳದೆ ಹೊಸದನ್ನೇ ಹಾಕಿಸತಕ್ಕದ್ದು.