ಸಕ್ಕರೆ ಕಾಯಿಲೆ ಇರುವವರ ಪಾದಗಳ ಆರೈಕೆ



ಹಸುವಿನ ಮೊಲೆತೊಟ್ಟು ಬಿರುಕು ಬಿಟ್ಟರೆ ನೀವು ಸುಮ್ಮನಿರುವುದಿಲ್ಲ. ಬಿರುಕಿನಲ್ಲಿ ರೋಗಾಣು ಸೇರಿ ಕೆಚ್ಚಲು ಬಾವಿಗೆ ದಾರಿಯಾಗುತ್ತದೆಂದು ಅರಿತು ಕೂಡಲೇ ಮುಲಾಮು ಹಚ್ಚುತ್ತೀರಿ. ಆದರೆ ಅದೇ ಹಸುವಿನ ಹಾಲು ಕರೆಯುವವರ ಹಿಮ್ಮಡಿ ಒಡೆದು ಸೀಳಾಗಿದ್ದರೂ ಯಾರೂ ಗಮನಿಸುವುದಿಲ್ಲ. ಸಕ್ಕರೆ ಕಾಯಿಲೆ ಇರುವವರಿಗೆ ಈ ಉದಾಸೀನ ಕಾಲಿಗೇ ಕುತ್ತಾಗಬಹುದು.

ರಕ್ತದಲ್ಲಿ ಸಕ್ಕರೆ ಅಂಶ ಬಹುಕಾಲ ಹೆಚ್ಚಾಗಿಯೇ ಉಳಿದರೆ ಪಾದದ ನರಗಳು ಕೆಡುತ್ತವೆ. ಬೆವರಿಗೆ ಸಂಬಂಧಿಸಿದ ನರಗಳು ಕೆಟ್ಟಾಗ ಪಾದ ಬೆವರುವುದಿಲ್ಲ; ಚರ್ಮ ಒಣಗಿ, ದಪ್ಪಗಾಗಿ, ಬಿರಿಯುತ್ತದೆ. ಸ್ಪರ್ಶದ ನರಗಳೂ ಕೆಟ್ಟಿದ್ದರೆ ಬಿರುಕು ಆಳವಾದರೂ ನೋವು ತಿಳಿಯದು. ಸಗಣಿ, ಗಂಜಲದ ನಡುವೆ ಬರಿಗಾಲಿನಲ್ಲಿ ಓಡಾಡುವವರಿಗೆ ಆ ಬಿರುಕೇ ರೋಗಾಣುಗಳ ಬಾಗಿಲು. ಕೀವಾಗಿ, ಮೂಳೆಗೆ ಇಳಿದು, ಬೆರಳನ್ನೋ ಪಾದವನ್ನೋ ತೆಗೆಯಬೇಕಾಗಿ ಬರುವುದೂ ಉಂಟು. ನೋವಿಲ್ಲವೆಂದು ಧೈರ್ಯವಾಗಿರುವುದೇ ಇಲ್ಲಿ ಅಪಾಯ.

ಸಂಜೆ ಡೇರಿಗೆ ಹಾಲು ಹಾಕಿ ಬಂದ ಮೇಲೆ ಉಗುರುಬೆಚ್ಚಗಿನ ನೀರು, ಮೈಸೋಪಿನಿಂದ ಪಾದ ತೊಳೆಯಿರಿ. ಬಟ್ಟೆ ಸೋಪು ಬೇಡ. ನೀರಿನ ಬಿಸಿಯನ್ನು ಮೊಣಕೈಯಿಂದ ನೋಡಿರಿ. ಪಾದಕ್ಕೆ ಅದು ಸರಿಯಾಗಿ ತಿಳಿಯದು. ಬಹಳ ಹೊತ್ತು ನೆನೆಸಿಟ್ಟರೆ ಚರ್ಮ ಇನ್ನಷ್ಟು ಒಣಗುತ್ತದೆ. ಮೆತ್ತನೆಯ ಬಟ್ಟೆಯಿಂದ ಒತ್ತಿ ಒರೆಸಿ, ಬೆರಳ ಸಂದುಗಳನ್ನು ಪೂರ್ತಿ ಒಣಗಿಸಿರಿ. ಚರ್ಮದಲ್ಲಿ ಪಸೆ ಇರುವಾಗಲೇ ಹಿಮ್ಮಡಿಗೆ, ಅಂಗಾಲಿಗೆ, ಪಾದದ ಮೇಲ್ಭಾಗಕ್ಕೆ ತೆಳುವಾಗಿ ವ್ಯಾಸಲೀನ್ ಹಚ್ಚಿರಿ. ಕೊಬ್ಬರಿ ಎಣ್ಣೆಯೂ ಆದೀತು. ಬೆರಳ ಸಂದಿಗೆ ಮಾತ್ರ ಏನನ್ನೂ ಹಚ್ಚಕೂಡದು. ಅಲ್ಲಿ ತೇವ ನಿಂತರೆ ಕೆಸರುಹುಣ್ಣು ಆಗುತ್ತದೆ. ಹಿಮ್ಮಡಿ ತೀರಾ ದಪ್ಪಗಾಗಿದ್ದರೆ ವೈದ್ಯರು ಯೂರಿಯಾ ಇರುವ ಮುಲಾಮು ಬರೆದುಕೊಡುತ್ತಾರೆ. (ಹೊಲಕ್ಕೆ ತಂದ ಯೂರಿಯಾವನ್ನು ಎಣ್ಣೆಯಲ್ಲಿ ಕಲಸಿ ಹಚ್ಚುವ ಸಾಹಸ ಖಂಡಿತ ಬೇಡ!)

ಬ್ಲೇಡಿನಿಂದ ಹಿಮ್ಮಡಿ ಹೆರೆಯುವುದು, ಒರಟು ಕಲ್ಲಿಗೆ ತಿಕ್ಕುವುದು, ಬಿರುಕಿಗೆ ಸುಣ್ಣ ತುಂಬುವುದು, ಕೆಚ್ಚಲಿಗೆ ತಂದ ಮುಲಾಮನ್ನೇ ಬಳಿಯುವುದು, ಇವೆಲ್ಲ ನಿಲ್ಲಬೇಕು. ಕೊಟ್ಟಿಗೆಗೆ ರಬ್ಬರ್ ಬೂಟು ಒಳ್ಳೆಯದು. ಹಾಕುವ ಮುಂಚೆ ಒಳಗೆ ಕಲ್ಲು, ಮುಳ್ಳು ಇದೆಯೇ ನೋಡಿರಿ. ಕೆಲಸ ಮುಗಿದೊಡನೆ ತೆಗೆದುಬಿಡಿರಿ.

ದಿನಕ್ಕೊಮ್ಮೆ ಬೆಳಕಿನಲ್ಲಿ ಅಂಗಾಲು ನೋಡಿಕೊಳ್ಳಿರಿ. ಬಗ್ಗಲಾಗದವರು ನೆಲದ ಮೇಲೆ ಕನ್ನಡಿ ಇಟ್ಟು ನೋಡಬಹುದು, ಇಲ್ಲವೇ ಮೊಮ್ಮಕ್ಕಳಿಗೆ ಹೇಳಬಹುದು. ರಕ್ತ, ಕೀವು, ಊತ, ದುರ್ವಾಸನೆ ಅಥವಾ ಚರ್ಮ ಕೆಂಪಾಗಿ ಇಲ್ಲವೇ ಕಪ್ಪಾಗಿ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಏನೂ ತೊಂದರೆಯಿಲ್ಲದವರೂ ವರ್ಷಕ್ಕೊಮ್ಮೆ ಪಾದ ಪರೀಕ್ಷೆ ಮಾಡಿಸಿರಿ. 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು ಅಂಗಾಲಿಗೆ ಒತ್ತಿ, ಸ್ಪರ್ಶ ಉಳಿದಿದೆಯೇ ಎಂದು ವೈದ್ಯರು ನೋಡುತ್ತಾರೆ. ಕೆಲವೇ ನಿಮಿಷದ ಕೆಲಸ, ಸೂಜಿ ಚುಚ್ಚುವುದಿಲ್ಲ.