ಅದೇ ಆರು ರನ್!

ಆರ್‌ಸಿಬಿ ಫ್ಯಾನ್ ಆಗೋಕೆ ಅರ್ಜಿ ಹಾಕಬೇಕಿಲ್ಲ, ತಾಳ್ಮೆ ಇದ್ದರೆ ಸಾಕು. 2009ರ ಫೈನಲ್‌ನಲ್ಲಿ ಡೆಕ್ಕನ್ ಚಾರ್ಜರ್ಸ್ ಎದುರು ಆರು ರನ್‌ನಿಂದ ಸೋತಾಗ ನನಗೆ ನಾಲ್ಕೇ ವರ್ಷ. 2011ರಲ್ಲಿ ಚೆನ್ನೈ ಎದುರು ಮತ್ತೆ ಸೋಲು. ಬುದ್ಧಿ ಬಂದ ಮೇಲೆ ನೋಡಿದ್ದು 2016ರ ಫೈನಲ್. ನಮ್ಮದೇ ಚಿನ್ನಸ್ವಾಮಿಯಲ್ಲಿ 209ರ ಗುರಿ. ಗೇಲ್, ಕೊಹ್ಲಿ ಮೊದಲ ವಿಕೆಟ್‌ಗೆ 114 ಹೊಡೆದರೂ ಎಂಟು ರನ್‌ನಿಂದ ಸೋತೆವು. ಮರುವರ್ಷ ಕೋಲ್ಕತ್ತ ಎದುರು 49ಕ್ಕೇ ಆಲೌಟ್!

ಸೋತ ಮರುದಿನ ಗುಬ್ಬಿಯಿಂದ ತುಮಕೂರಿಗೆ ರೈಲು ಹತ್ತಿದರೆ ಗೇಲಿ ಗ್ಯಾರಂಟಿ. ಚೆನ್ನೈ ಫ್ಯಾನ್ ಆದ ಕುಣಿಗಲ್ ಗೆಳೆಯ ‘ಮುಂದಿನ ವರ್ಷಾನಾ ಮಗಾ?’ ಅಂತ ಕೆಣಕುತ್ತಿದ್ದ. ಆದರೂ 2024ರಲ್ಲಿ ಮೊದಲ ಎಂಟರಲ್ಲಿ ಒಂದೇ ಪಂದ್ಯ ಗೆದ್ದ ತಂಡ, ಆಮೇಲೆ ಸತತ ಆರು ಗೆದ್ದು ಪ್ಲೇಆಫ್ ತಲುಪಿತಲ್ಲ! ಪ್ಲೇಸ್‌ಮೆಂಟ್‌ನ ಕೊನೇ ರೌಂಡ್‌ನಲ್ಲಿ ಕೈತಪ್ಪಿ ಬಂದ ಸೀನಿಯರ್‌ಗೆ ನಾವು ನೆನಪಿಸಿದ್ದೂ ಅದನ್ನೇ.

2025ರ ಜೂನ್ 3ರಂದು ಅಹಮದಾಬಾದ್‌ನಲ್ಲಿ ಪಂಜಾಬ್ ಎದುರು ಕಪ್ ನಮ್ಮದಾಯಿತು. ಅಂತರ, ಅದೇ ಆರು ರನ್! ಕುಣಿಗಲ್ ಗೆಳೆಯನೇ ಮೊದಲು ಫೋನ್ ಮಾಡಿದ್ದ.

ಮರುದಿನ ಸಂಜೆ ಚಿನ್ನಸ್ವಾಮಿ ಬಳಿ ಕಾಲ್ತುಳಿತ. 11 ಜನ ಹೋಗಿಬಿಟ್ಟರು. ಅವರಲ್ಲಿ ನಮ್ಮ ವಯಸ್ಸಿನವರೂ ಇದ್ದರು. ನಮ್ಮಷ್ಟೇ ಕಾದವರು, ನಮ್ಮಂತೆಯೇ ಖುಷಿಪಟ್ಟವರು. ರಾತ್ರಿಯೆಲ್ಲ ಕೂಗಿದ್ದ ನಮ್ಮ ವಾಟ್ಸ್ಆ್ಯಪ್ ಗ್ರೂಪ್‌ನಲ್ಲಿ ಅಂದು ಯಾರೂ ಒಂದು ಮೆಸೇಜ್ ಹಾಕಲಿಲ್ಲ.

ಈಗಲೂ ಮ್ಯಾಚ್ ತಪ್ಪಿಸಲ್ಲ. ಆದರೆ ಗೆದ್ದ ರಾತ್ರಿ ಗ್ರೂಪ್‌ನಲ್ಲಿ ಮೊದಲು ಬರುವ ಮೆಸೇಜ್ ಬೇರೆ: ‘ಎಲ್ಲರೂ ಮನೆ ಸೇರಿದ್ರಾ?’